ಒಂದು ಪೈಸೆ ಯಾರು ತಿಂದರು?

ನಿನ್ನೆ ಮಧ್ಯಾಹ್ನವೆಲ್ಲ ಒಂದು ಪೈಸೆ ಹುಡುಕುವುದರಲ್ಲೇ ಹೋಯಿತು. ರಸ್ತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳದ ಒಂದು ಪೈಸೆ. ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಬೆಲೆ 19.99. ಅದನ್ನು ನೂರರಿಂದ ಗುಣಿಸಿ ಪೈಸೆ ಮಾಡಿದರೆ 1999 ಬರಬೇಕು, ಅಲ್ವಾ? ಬರುತ್ತಿದ್ದದ್ದು 1998. ಆ ಕೋಡ್ ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ಹೋಗಿ ಯಾವ ಕಾಲವಾಯಿತೋ.

ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ನೋಡಿದೆ. 1999.000000 ಅಂತ ಏನೂ ಗೊತ್ತಿಲ್ಲದ ಹಾಗೆ ಕೂತಿದೆ. ಪ್ರೋಗ್ರಾಂನ ಹೊಟ್ಟೆಯೊಳಗೆ ಇಣುಕುವ ಡೀಬಗ್ಗರ್ ಜಿಡಿಬಿ ಹಾಕಿ ಅದೇ ಸಂಖ್ಯೆ ಕೇಳಿದರೆ 1998.9999999999998. ಬೆಲೆಯನ್ನೇ ಕೇಳಿದರೆ 19.989999999999998. ಕಂಪ್ಯೂಟರಿಗೆ ಎರಡರ ಲೆಕ್ಕ ಮಾತ್ರ ಗೊತ್ತು, ಬರೀ ಸೊನ್ನೆ ಮತ್ತು ಒಂದು. ಆ ಲೆಕ್ಕದಲ್ಲಿ 19.99 ಮುಗಿಯುವುದೇ ಇಲ್ಲ. ಪಾಯಿಂಟ್ ಇರುವ ಸಂಖ್ಯೆ ಇಡುವ ಡಬಲ್ ಎಂಬ ಡಬ್ಬಿಯಲ್ಲಿ ಅಂಕಿಗಳಿಗೆ ಇರುವುದು 53 ಬಿಟ್, ಅಂದರೆ 53 ಸೊನ್ನೆ-ಒಂದುಗಳ ಜಾಗ, ಅಷ್ಟರಲ್ಲಿ ಹಿಡಿದಷ್ಟೇ. ಲಾಗ್ ಆರು ಸ್ಥಾನಕ್ಕೆ ರೌಂಡ್ ಮಾಡಿ ಮಾನ ಮುಚ್ಚುತ್ತದೆ. ಜಿಡಿಬಿ 17 ಅಂಕಿ ಎಳೆದು ಬೀದಿಗೆ ಹಾಕುತ್ತದೆ. ಪೂರ್ಣಾಂಕ ಮಾತ್ರ ಹಿಡಿಯುವ ಇಂಟ್‌ಗೆ ಹಾಕಿದ ಕೂಡಲೇ ಪಾಯಿಂಟಿನ ಆಚೆ ಇದ್ದದ್ದೆಲ್ಲ ಕಸ. ಹೋಯಿತು ಪೈಸೆ.

ಇಷ್ಟು ತಿಳಿಯುವ ಹೊತ್ತಿಗೆ ನಮ್ಮ ಮ್ಯಾನೇಜರು ಕುರ್ಚಿಯ ಹಿಂದೆ ಬಂದು ನಿಂತರು. ಅವರಿಗೊಂದು ಚಟ. ಸ್ಕ್ರೀನಿನ ಮೇಲೆ ಏನು ಕಂಡರೂ ಬೆರಳಿಟ್ಟು ಜೋರಾಗಿ ಓದಬೇಕು. ಅವತ್ತು ಬೋಂಡಾ ತಿಂದ ಬೆರಳು ಬೇರೆ.

“ಹತ್ತೊಂಬತ್ತು ಪಾಯಿಂಟ್ ಒಂಬತ್ತು, ಎಂಟು, ಒಂಬತ್ತು, ಒಂಬತ್ತು, ಒಂಬತ್ತು...”

ಕೊನೆಯ ಎಂಟು ಹತ್ತಿರ ಬರುವಾಗ ಫೋನ್ ಬಂತು. ಮಾತಾಡಿ ಬಂದು ಮತ್ತೆ ಮೊದಲಿಂದ. ಈ ಸಲ ಕ್ಯಾಂಟೀನ್ ಹುಡುಗ ಟೀ ತಂದ. ಮತ್ತೆ ಮೊದಲಿಂದ. ಕೊನೆಗೆ ಸಾಲಾಗಿ ಹನ್ನೊಂದು ಒಂಬತ್ತು ಅಂತ ತೀರ್ಪು ಕೊಟ್ಟರು. ಹನ್ನೆರಡಿದ್ದವು. ಒಂದು ಒಂಬತ್ತು ಬೋಂಡಾ ಎಣ್ಣೆಯ ಅಡಿಗೆ ಹೋಗಿತ್ತು.

“ಏನ್ರೀ ಇದು, ಯಾರ್ ಟೈಪ್ ಮಾಡಿದ್ದು?”

“ಯಾರೂ ಮಾಡಿಲ್ಲ ಸಾರ್. ಒಳಗೆ ಇರೋದೇ ಹಂಗೆ. ಡೀಬಗ್ಗರ್ ತೋರಿಸ್ತಿದೆ ಅಷ್ಟೆ.”

ಅಷ್ಟರಲ್ಲಿ ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವ ಎದುರು ಸೀಟಿನ ಹುಡುಗಿ, ಯಾರೂ ಕೇಳದಿದ್ದರೂ, “ನನ್ ಪೈಥಾನಲ್ಲಿ 19.99 ಅಂತಾನೇ ಬರತ್ತೆ ಸಾರ್” ಅಂದಳು. ಅಲ್ಲೂ ಇರುವುದು ಅದೇ ಸಂಖ್ಯೆ! ಮತ್ತೆ ಓದಿದರೆ ಅದೇ ಸಂಖ್ಯೆಗೆ ವಾಪಸ್ ಬರುವಂಥ ಅತಿ ಚಿಕ್ಕ ರೂಪವನ್ನು ಪೈಥಾನ್ 2.7, 3.1 ಆವೃತ್ತಿಗಳಿಂದೀಚೆಗೆ ತೋರಿಸುತ್ತದೆ, ಅಷ್ಟೆ. ಇದನ್ನು ನಾನು ಹೇಳಿ ಮುಗಿಸುವ ಮೊದಲೇ ಸಾರ್ ಮುಖ ಅರಳಿಬಿಟ್ಟಿತ್ತು.

“ನೋಡಿ, ಅವ್ರ ಮಷೀನಲ್ಲಿ ಸರಿಯಾಗೇ ಇದೆ. ನಿಮ್ದು ಸೆಟ್ಟಿಂಗ್ ಪ್ರಾಬ್ಲಂ. ಡೀಬಗ್ಗರಲ್ಲಿ ಎರಡೇ ಅಂಕಿ ತೋರಿಸೋ ಹಾಗೆ ಮಾಡಿ ಬಗ್ ಕ್ಲೋಸ್ ಮಾಡಿ.”

ನಾನು ಸುಮ್ನೆ ಸ್ಕ್ರೀನ್ ಒರೆಸಿದೆ.

ರಾತ್ರಿ ಬಸ್ಸಿನಲ್ಲಿ ಕೂತಾಗ ಅಜ್ಜನ ಕಾಲದ ದುಡ್ಡು ನೆನಪಾಯಿತು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಎಂಟಾಣೆ 0.5, ನಾಲ್ಕಾಣೆ 0.25, ಒಂದಾಣೆ 0.0625, ಹಳೇ ಪೈಸೆ 0.015625. ಎಲ್ಲ ಅರ್ಧದ ಅರ್ಧಗಳು, ಎರಡರ ಲೆಕ್ಕಕ್ಕೆ ಕೂದಲೂ ಕೊಂಕದೆ ಕೂರುತ್ತವೆ. ಯಾವ ಡೀಬಗ್ಗರ್ ಎಷ್ಟು ಎಳೆದರೂ ಒಂದು ಒಂಬತ್ತೂ ಉದುರುತ್ತಿರಲಿಲ್ಲ. (ಪೈಸೆಗಿಂತ ಚಿಕ್ಕದಾದ ಪೈ ಮಾತ್ರ ಕೈಕೊಡುತ್ತಿತ್ತು. ಆಣೆಗೆ ಹನ್ನೆರಡು ಪೈ, ನಡುವೆ ಮೂರು ನುಗ್ಗಿಬಿಡುತ್ತದೆ.) ಅಂಥ ದುಡ್ಡನ್ನು 1957ರ ಏಪ್ರಿಲ್ 1ರಂದು ನೂರು ನಯಾಪೈಸೆ ಮಾಡಿದರು. ಉಳಿದಿದ್ದ ನಾಲ್ಕಾಣೆ ನಾಣ್ಯವೂ 2011ರ ಜೂನ್‌ನಲ್ಲಿ ಹೋಯಿತು. ಅಂಗಡಿ ಸಾಲವನ್ನು ಆಣೆಯಲ್ಲೇ ಬಾಯಿಲೆಕ್ಕ ಹಾಕುತ್ತಿದ್ದ ಅಜ್ಜ ನನಗಿಂತ ಒಳ್ಳೆ ಪ್ರೋಗ್ರಾಮರ್ ಆಗುತ್ತಿದ್ದರೇನೋ.

ಇವತ್ತು ಬೆಳಿಗ್ಗೆ ಬೇಗ ಬಂದು, ಸಾರ್ ಕಣ್ಣಿಗೆ ಬೀಳುವ ಮೊದಲೇ ಬೆಲೆಯನ್ನೆಲ್ಲ ಪೈಸೆಯಲ್ಲೇ ಪೂರ್ಣಾಂಕವಾಗಿ ಇಡುವ ಹಾಗೆ ಕೋಡ್ ಬದಲಾಯಿಸಿದೆ. ಪೈಸೆ ವಾಪಸ್ ಬಂತು. ಹನ್ನೊಂದಕ್ಕೆ ಟೆಸ್ಟಿಂಗ್‌ನವರಿಂದ ಹೊಸ ಬಗ್ ಬಂದಿದೆ: “ಲಾಗಿನಲ್ಲಿ ಮೊದಲು 1999.000000 ಅಂತ ಬರುತ್ತಿತ್ತು, ಈಗ ಬರೀ 1999. ಆರು ಸೊನ್ನೆ ಕಾಣೆಯಾಗಿವೆ. ಅರ್ಜೆಂಟ್.”