ಜೀಸ್ ಬೆಂಡ್‌ನ ಕೌದಿಗಳು

ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ನದಿಯೊಂದು ಮೂರು ಕಡೆಯಿಂದ ಬಳಸಿ ಹರಿಯುವ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ತಲೆಮಾರುಗಳಿಂದ ಹೊಲಿಯುತ್ತ ಬಂದಿರುವ ಕೌದಿಗಳನ್ನು ಯಾರಾದರೂ ‘ಬಡತನದಲ್ಲಿ ಅರಳಿದ ಕಲೆ’ ಎಂದು ಹೊಗಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಬಟ್ಟೆಗೆ ಬರವಿದ್ದದ್ದು ನಿಜ, ಹಲಗೆಗೋಡೆಯ ಸಂದಿನಿಂದ ಚಳಿ ನುಗ್ಗುತ್ತಿದ್ದದ್ದೂ ನಿಜ. ಆದರೆ ಚಳಿಗೆ ಹೊದಿಕೆ ದಪ್ಪಗಿದ್ದರೆ ಸಾಕು. ಯಾವ ತುಂಡಿನ ಪಕ್ಕದಲ್ಲಿ ಯಾವ ತುಂಡು ಕೂರಬೇಕೆಂದು ತೀರ್ಮಾನಿಸಿದ್ದು ಆ ಹೆಂಗಸರ ಕಣ್ಣು.

1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ, ಅವನ ನೆನಪಿಗೆಂದು, ಅದನ್ನೇ ಹೊದ್ದು ಮಲಗಲೆಂದು ಒಂದು ಕೌದಿ ಹೊಲಿದರು. ಆ ಸಂಗತಿ ಉಳಿದದ್ದು ಮಗಳು ಆರ್ಲೋಂಜಿಯಾ ಅವರ ನೆನಪಿನಲ್ಲಿ. ಹೊಲದಲ್ಲಿ ಸವೆದ ಬಟ್ಟೆಯಿಂದ ಮಾಡಿದ ಇಂಥ ಕೌದಿಗಳನ್ನು ಹತ್ತಿರದಿಂದ ನೋಡಿದರೆ, ಮೊಣಕಾಲು ಊರಿದ ಜಾಗ ಬೆಳ್ಳಗೆ ಮಾಸಿರುತ್ತದೆ, ಜೇಬು ಬಿಚ್ಚಿ ತೆಗೆದ ಜಾಗದಲ್ಲಿ ಮಾತ್ರ ಮೂಲದ ಗಾಢ ನೀಲಿ ಹಾಗೇ ಉಳಿದಿರುತ್ತದೆ. ಫೋಟೋ ತೆಗೆಸಿಕೊಳ್ಳಲು ಹಣವಿಲ್ಲದ ಮನೆಯಲ್ಲಿ ಒಬ್ಬ ಮನುಷ್ಯನ ಮೈಯ ಗುರುತನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಕಾಪಾಡಬಹುದಿತ್ತು?

ಪೆಟ್‌ವೇ ಎಂಬುದು ಅವರ ಹಿರಿಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಒಡೆಯನ ಹೆಸರು. ಊರಿನ ಬಹುಪಾಲು ಮನೆಗಳ ಮೇಲೆ ಹಾಗೆ ಹೇರಿದ ಹೆಸರಿನ ನಡುವೆ, ತಾಯಂದಿರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಹೊಲಿಗೆಯೊಂದು ಅವರದೇ ಆಸ್ತಿಯಾಗಿತ್ತು. ಚೌಕದೊಳಗೆ ಚೌಕ ಕೂರಿಸುವ ‘ಹೌಸ್‌ಟಾಪ್’ ಎಲ್ಲರೂ ಕಲಿಯುವ ವಿನ್ಯಾಸ. ಅದನ್ನು ಮುರಿದು ತನ್ನ ಮನಸ್ಸಿಗೆ ಬಂದಂತೆ ಕಟ್ಟಿದ್ದಕ್ಕೆ ಅವರು ಇಟ್ಟ ಹೆಸರು ‘ಮೈ ವೇ’, ಅಂದರೆ ನನ್ನ ದಾರಿ. 1966ರಲ್ಲಿ ಆ ಭಾಗದ ಹೆಂಗಸರು ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಕಟ್ಟಿದರು. 2002ರಲ್ಲಿ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯ ಈ ಕೌದಿಗಳನ್ನು ಗೋಡೆಗೇರಿಸಿದಾಗ ಜಗತ್ತು ಬೆರಗಾಯಿತು. ಸಂತೋಷವೇ. ಆದರೂ ಅವು ಹಾಸಿಗೆಯ ಮೇಲಿದ್ದಾಗ ಕಲೆಯಾಗಿರಲಿಲ್ಲವೆಂಬ ಧಾಟಿಯನ್ನು ನಾನು ಒಪ್ಪಲಾರೆ.

ಇದನ್ನು ಬರೆಯುವಾಗ ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕಣ್ಣೆದುರು ಬರುತ್ತಾರೆ. ಅವರ ಪೂರ್ವಿಕರೂ ಆಫ್ರಿಕಾದವರೇ. ಅವರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ನಡುವಿನತ್ತ ಹೊಲಿಯುತ್ತ ಬರುತ್ತಾರೆ, ನಾಲ್ಕೂ ಮೂಲೆಗಳಿಗೆ ಮಡಿಸಿದ ಬಟ್ಟೆಯ ಮುಕ್ಕೋನದ ಹೂವು ಇಡುತ್ತಾರೆ. ಆ ಹೂವಿನಿಂದ ಚಳಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಹೂವಿಲ್ಲದ ಕೌದಿಯನ್ನು ಅವರು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ.