ಹಕಾರ ಇಲ್ಲದ ನಂಬರ್ ಒನ್

ಇಂಗ್ಲೆಂಡಿನ ವಾಲ್ಸಾಲ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ತಾತ ದಿನಾ ಗೇಟಿನ ಹತ್ತಿರ ನಿಂತು ಏನೋ ಕೇಳುತ್ತಿದ್ದರು. ನಾನು ಸುಮ್ನೆ ನಕ್ಕು ತಲೆಯಾಡಿಸುತ್ತಿದ್ದೆ. ಬೆಂಗಳೂರಿನಲ್ಲಿ ಕಲಿತ ಇಂಗ್ಲಿಷ್ ಇಲ್ಲಿ ಕೆಲಸಕ್ಕೇ ಬರಲಿಲ್ಲ. ಇವರ ಬಾಯಲ್ಲಿ 'ಹೌಸ್' ಅನ್ನೋದು 'ಔಸ್', 'ಹೋಮ್' ಅನ್ನೋದು 'ಓಮ್'. ತಿಂಗಳಾದ ಮೇಲೆ ಹೊಳೆಯಿತು. ಅರೆ, ಇವರೂ ನಮ್ಮ ನಾಗಮಂಗಲದ ಕಡೆಯವರ ಹಾಗೇ ಹಕಾರ ನುಂಗುತ್ತಾರೆ!

ನನಗೂ ಹಕಾರಕ್ಕೂ ಹಳೇ ಜಗಳ. ಶಾಲೆಯಲ್ಲಿ 'ಆಲು' ಅಂದಿದ್ದಕ್ಕೆ ಮೇಷ್ಟ್ರು ಸ್ಲೇಟಿನ ಎರಡೂ ಕಡೆ ತುಂಬುವಷ್ಟು 'ಹಾಲು' ಬರೆಸಿದ್ದರು. ಆಮೇಲೆ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಹೆದರಿ ಹೆದರಿ ಬೇಡದ ಕಡೆಯೂ ಹಕಾರ ಸೇರಿಸತೊಡಗಿದೆ. ಒಂದು ದಿನ ಊಟಕ್ಕೆ ಕೂತಾಗ 'ಹಕ್ಕಿ ರೊಟ್ಟಿ' ಅಂದುಬಿಟ್ಟೆ. ನಾಲ್ಕು ವರ್ಷ ಅದೇ ನನ್ನ ಅಡ್ಡಹೆಸರು.

ಈ ಕಥೆ ತಾತನಿಗೆ ಹೇಳಿದೆ. ಕುದುರೆಯ ಜೀನು ಹೊಲಿಯುವ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಹೊಟ್ಟೆ ಹಿಡಿದು ನಕ್ಕರು. ಒಳಗೆ ಹೋಗಿ ಕೆಂಪು ಲೇಬಲ್ಲಿನ ಒಂದು ಸಣ್ಣ ಗ್ರಾಮಫೋನ್ ಪ್ಲೇಟ್ ತಂದು ಕೈಗಿಟ್ಟರು. 'ಸ್ಲೇಡ್' ಅನ್ನೋ ಬ್ಯಾಂಡಿನದು, 1972ರದು. ಹಾಡಿನ ಹೆಸರು 'ಟೇಕ್ ಮಿ ಬ್ಯಾಕ್ ಓಮ್'. ದೇವರನಾಮ ಅಂದುಕೊಳ್ಳಬೇಡಿ. ಅದು 'ಹೋಮ್'. ಮುಂದಿನ 'ಎಚ್' ಹಾರಿಹೋಗಿದೆ, 'ಬ್ಯಾಕ್'ನಲ್ಲಿ ಇರಬೇಕಾದ 'ಸಿ'ಯೂ ಇಲ್ಲ. ಅಚ್ಚಿನ ತಪ್ಪಲ್ಲ, ಬೇಕಂತಲೇ ಹಾಗೆ ಬರೆದಿದ್ದು. ಆ ಹಾಡು ಬ್ರಿಟನ್ನಿನ ಪ್ಲೇಟ್ ಮಾರಾಟದ ಪಟ್ಟಿಯಲ್ಲಿ ನಂಬರ್ ಒನ್ ಆಗಿತ್ತು.

ಸ್ಲೇಡ್ ಇದೇ ಸೀಮೆಯ ನಾಲ್ಕು ಜನರ ತಂಡ. ಹಾಡುವ ನಾಡಿ ಹೋಲ್ಡರ್ ವಾಲ್ಸಾಲ್‌ನಲ್ಲೇ ಹುಟ್ಟಿದವನು. ಜಿಮ್ ಲೀ, ಡೇವ್ ಹಿಲ್, ಡಾನ್ ಪೊವೆಲ್ ಉಳಿದ ಮೂವರು. ಕಲ್ಲಿದ್ದಲು, ಕಬ್ಬಿಣದ ಕುಲುಮೆಗಳಿದ್ದ ಈ ಕಡೆಗೆ ಬ್ಲ್ಯಾಕ್ ಕಂಟ್ರಿ ಅಂತ ಹೆಸರು. ಕರುನಾಡು ಬಿಟ್ಟು ಕರಿನಾಡಿಗೆ ಬಂದೆ ಅಂತ ನಾನು ತಮಾಷೆ ಮಾಡುವುದುಂಟು. 'ಯೂ ಆರ್' ಅನ್ನೋದು ಇವರ ಬಾಯಲ್ಲಿ 'ಯಾಮ್' ಆಗುವುದರಿಂದ, ಇಲ್ಲಿನ ಮಾತನ್ನು ಊರಾಚೆಯವರು 'ಯಾಮ್ ಯಾಮ್' ಅಂತ ಆಡಿಕೊಳ್ಳುತ್ತಾರೆ.

1971ರಲ್ಲಿ ಇವರ ಮೊದಲ ನಂಬರ್ ಒನ್ ಬಂತು, 'ಕಾಸ್ ಐ ಲವ್ ಯು'. ಅಚ್ಚುಕಟ್ಟಾಗಿ 'ಬಿಕಾಸ್' ಅಂತ ಬರೆದರೆ ತೀರಾ ಮೆತ್ತಗಾಯಿತು, ದಪ್ಪ ಬೂಟಿನ ಹುಡುಗರಿಗೆ ಒಪ್ಪುವುದಿಲ್ಲ ಅನ್ನಿಸಿ, ಊರಿನವರು ಆಡುವ ಹಾಗೆ ಬರೆದರು. 'ಲವ್'ನಲ್ಲೂ ಕಾಗುಣಿತ ಕೆಡಿಸಿದರು. ಕನ್ನಡದಲ್ಲಿ ಬರೆದರೆ ಆ ತಪ್ಪು ಕಾಣುವುದೇ ಇಲ್ಲ ನೋಡಿ. ನಮ್ಮ ಲಿಪಿಯಲ್ಲಿ ಕಿವಿಗೆ ಬಿದ್ದ ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳುತ್ತದೆ. 'ಓಮ್' ಸಿಕ್ಕಿಬಿತ್ತು, 'ಲವ್' ತಪ್ಪಿಸಿಕೊಂಡಿತು. ಇಲ್ಲಿನ ಮೇಷ್ಟ್ರುಗಳೂ ಸುಮ್ಮನಿರಲಿಲ್ಲ, ಮಕ್ಕಳ ಕಾಗುಣಿತ ಹಾಳಾಗುತ್ತದೆ ಅಂತ ಗೊಣಗಿದರು. ತಂಡ ಕೇಳಲಿಲ್ಲ.

ಆ ಕಾಲಕ್ಕೆ ಹಾಡೊಂದು ಪಟ್ಟಿಯ ಕೆಳಗಿಂದ ವಾರವಾರ ಮೇಲೆ ಹತ್ತಬೇಕಿತ್ತು. 1969ರಲ್ಲಿ ಬೀಟಲ್ಸ್ ನೇರ ಒಂದನೇ ಜಾಗಕ್ಕೆ ಬಂದ ಮೇಲೆ ಯಾರಿಗೂ ಅದು ಆಗಿರಲಿಲ್ಲ. ಸ್ಲೇಡ್ 1973 ಒಂದೇ ವರ್ಷದಲ್ಲಿ ಮೂರು ಸಲ ಮಾಡಿದರು. ಮೂರನೆಯದು 'ಮೆರಿ ಕ್ರಿಸ್‌ಮಸ್ ಎವ್ರಿಬಡಿ'. ಅದರ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ ಬೇಸಿಗೆಯಲ್ಲಿ. ಮಾರ್ದನಿ ಚೆನ್ನಾಗಿ ಬರಲಿ ಅಂತ ಸ್ಟುಡಿಯೋ ಆಚೆಯ ಕಾರಿಡಾರಿನಲ್ಲಿ ನಿಂತು ಪಲ್ಲವಿ ಕೂಗಿದರಂತೆ. ಸೆಖೆಯಲ್ಲಿ ಓಡಾಡುತ್ತಿದ್ದವರಿಗೆ ಇವರ ಕ್ರಿಸ್‌ಮಸ್ ಹೇಗೆ ಕಂಡಿತೋ! ಡ್ರಮ್ ಬಾರಿಸುವ ಪೊವೆಲ್ ಅದೇ ಜುಲೈನಲ್ಲಿ ಕಾರು ಅಪಘಾತವಾಗಿ ನೆನಪು ಕಳೆದುಕೊಂಡು, ಆಗಷ್ಟೇ ಸುಧಾರಿಸಿಕೊಳ್ಳುತ್ತಿದ್ದ. ಹಾಡು 10 ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರಾಟವಾಯಿತು. ಈಗಲೂ ಡಿಸೆಂಬರ್ ಬಂದರೆ ತರಕಾರಿ ಕೊಳ್ಳುವಾಗ ಹೋಲ್ಡರ್‌ನ ಅರಚಾಟ ತಪ್ಪುವುದಿಲ್ಲ.

ಇದನ್ನೆಲ್ಲ ಭಾಷಾಭಿಮಾನ ಅಂತ ಉಬ್ಬಿಸಬೇಕಾಗಿಲ್ಲ. ತಂಡದ ಮ್ಯಾನೇಜರ್ ಚಾಸ್ ಚಾಂಡ್ಲರ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನನ್ನು ಬೆಳಕಿಗೆ ತಂದ ಚಾಣಾಕ್ಷ. ಕಣ್ಣಿಗೆ ಹೊಡೆಯುವ ತಪ್ಪು ಚೆನ್ನಾಗಿ ಮಾರಾಟವಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ನನಗೆ ಹೊಟ್ಟೆಕಿಚ್ಚು. ನಮ್ಮಲ್ಲೂ ಈ ಕೆಲಸ ಆಗಿದೆ, ಇವರಿಗಿಂತ ಎಷ್ಟೋ ಮುಂಚೆ. ಜಿ.ಪಿ. ರಾಜರತ್ನಂ 'ಯೆಂಡ' ಅಂತಲೇ ಅಚ್ಚು ಹಾಕಿಸಿದರು, ಮೈಸೂರು ಅನಂತಸ್ವಾಮಿ ಅದನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ಹಾಗೆ ಮಾತಾಡುವ ರತ್ನ ಕುಡುಕ. ನಾನು ನೋಡಿ ಬೆಳೆದ ಸಿನಿಮಾಗಳಲ್ಲೂ ಅಷ್ಟೇ. ಹಕಾರ ನುಂಗುವುದು ಹಾಸ್ಯನಟನ ಕೆಲಸ, ಹೀರೋ ಪ್ರೀತಿಸುವುದು ಪುಸ್ತಕದ ಕನ್ನಡದಲ್ಲಿ. ಸ್ಲೇಡ್‌ನವರು ಕುಡುಕರ ಹಾಗಾಗಲೀ ಕೋಡಂಗಿಗಳ ಹಾಗಾಗಲೀ ನಟಿಸದೆ, ತಮ್ಮದೇ ಮಾತಿನಲ್ಲಿ 'ಲವ್' ಅಂದರು. ಇಡೀ ದೇಶ ಕೊಂಡುಕೊಂಡಿತು. (ಡೇವ್ ಹಿಲ್‌ನ ಮಿರಮಿರ ಬಟ್ಟೆ ನೋಡಿದವರು 'ಕೋಡಂಗಿ' ವಿಷಯದಲ್ಲಿ ನನ್ನ ಜೊತೆ ಜಗಳಕ್ಕೆ ಬರಬಹುದು.)

ಹೋದ ವಾರ ಮಗಳು ಶಾಲೆಯಿಂದ ಬಂದವಳೇ 'ಐ ಆಮ್ ಓಮ್' ಅಂತ ಕೂಗಿದಳು. "ಓಮ್ ಅಲ್ಲ ಪುಟ್ಟಿ, ಹೋಮ್" ಅಂತ ಬಾಯಿಗೆ ಬಂದೇಬಿಟ್ಟಿತು. ಫೋನಿನಲ್ಲಿ ಊರಿಂದ ನಮ್ಮಮ್ಮ ಕೇಳುತ್ತಿದ್ದರು: "ಮಗ ಬಂತೇನಪ್ಪ? ಆಲು ಕಾಯ್ಸಿಟ್ಟಿದ್ದೀಯಾ?"