ಅರಳುಮರಳು ಎನ್ನುವ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲಿ

ಎಪ್ಪತ್ತು ದಾಟಿದ ಹಿರಿಯರು ಕೆಲವು ವಾರಗಳಿಂದ ಮಂಕಾಗಿದ್ದು, ನಡೆಯುವಾಗ ವಾಲುತ್ತ, ಮಾತಿಗೆ ತಡವರಿಸುತ್ತಿದ್ದರೆ, ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ಹಾಗೆ ಕೈಚೆಲ್ಲುವ ಮೊದಲು ಅವರ ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಿದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ರಕ್ತ ಶೇಖರವಾಗುವ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾದಲ್ಲಿಯೂ ಇವೇ ಲಕ್ಷಣಗಳು ಕಾಣಿಸುತ್ತವೆ, ಅದಕ್ಕೆ ಚಿಕಿತ್ಸೆಯಿದೆ.

ವಯಸ್ಸಾದಂತೆ ಮಿದುಳು ಕುಗ್ಗಿ, ಅದರ ಮೇಲ್ಮೈಯಿಂದ ಪೊರೆಯ ಕಡೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಾಗಿದಷ್ಟಕ್ಕೇ ಅವು ಹರಿಯಬಹುದು; ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ನನ್ನ ದೊಡ್ಡಪ್ಪನವರು ಬಚ್ಚಲುಮನೆಯಲ್ಲಿ ಜಾರಿದ್ದನ್ನು ಎಲ್ಲರೂ ಮರೆತಾಗಿತ್ತು. ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು ಬಂದು ಕೂತ ಅವರನ್ನು ನೋಡಿ ವೈದ್ಯರು ಮೊದಲು ಕೇಳಿದ್ದು, “ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತದೆಯೇ, ಯಜಮಾನರೇ?” ಎಂದು. ಎಡಗಾಲಿನ ಚಪ್ಪಲಿ ಜಾರಿ ಹೋಗುತ್ತಿತ್ತು, ಅದು ಅವರ ಗಮನಕ್ಕೇ ಬರುತ್ತಿರಲಿಲ್ಲ. ಸ್ಕ್ಯಾನ್‌ನಲ್ಲಿ, ಎಡಗಾಲನ್ನು ನಿಯಂತ್ರಿಸುವ ಮಿದುಳಿನ ಬಲಭಾಗದ ಮೇಲೆ ರಕ್ತ ನಿಂತಿದ್ದು ಕಂಡಿತು.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಸಿ.ಟಿ. ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸ್ಕ್ಯಾನ್ ನಡೆಯುವವರೆಗೆ, ತಲೆಬುರುಡೆಯೊಳಗಿನ ರಕ್ತವನ್ನು ಹೀಗೆ ನೇರವಾಗಿ ಕಾಣುವ ದಾರಿಯೇ ಇರಲಿಲ್ಲ. ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಚಿತ್ರದಲ್ಲಿ ಬೆಳ್ಳಗೆ, ಬಿದಿಗೆಯ ಚಂದ್ರನಂತೆ ಬಾಗಿ ಕಾಣುತ್ತದೆ; ಸುಮಾರು ಮೂರು ವಾರ ಕಳೆದ ಮೇಲೆ ಅದು ಮಿದುಳಿಗಿಂತ ಕಪ್ಪಾಗುತ್ತದೆ. ಇವೆರಡರ ನಡುವೆ, ರಕ್ತ ಮತ್ತು ಮಿದುಳು ಒಂದೇ ಬೂದು ಬಣ್ಣಕ್ಕೆ ಬರುವ ದಿನಗಳೇ ಮೋಸದ ದಿನಗಳು. ಆಗ ಮಿದುಳಿನ ಮಧ್ಯರೇಖೆ ಪಕ್ಕಕ್ಕೆ ಸರಿದಿದೆಯೇ, ಮೇಲ್ಮೈಯ ಸುಕ್ಕುಗಳು ಅಳಿಸಿಹೋಗಿವೆಯೇ ಎಂದು ನೋಡಿಯೇ ಹೇಳಬೇಕಾಗುತ್ತದೆ. ಎರಡೂ ಬದಿಗಳಲ್ಲಿ ಸಮನಾಗಿ ರಕ್ತ ನಿಂತಿದ್ದರೆ ಮಧ್ಯರೇಖೆಯೂ ಸರಿಯುವುದಿಲ್ಲ. ಎಂಬತ್ತರ ವಯಸ್ಸಿನಲ್ಲಿ ಸುಕ್ಕುಗಳೇ ಕಾಣದ ‘ತುಂಬಿದ’ ಮಿದುಳು ಇದ್ದರೆ ಅನುಭವಿ ರೇಡಿಯಾಲಜಿಸ್ಟರು ಅನುಮಾನಪಡುವುದು ಅದಕ್ಕಾಗಿಯೇ.

ಚಿಕಿತ್ಸೆಯ ತೀರ್ಮಾನವೂ ಬಹುಪಾಲು ಈ ಚಿತ್ರವನ್ನೇ ಅವಲಂಬಿಸಿದೆ. ಹೊಸ ಪೆಟ್ಟಿನಿಂದಾದ ಸಬ್‌ಡ್ಯೂರಲ್ ರಕ್ತಸ್ರಾವವು 10 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಅಥವಾ ಮಧ್ಯರೇಖೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ರೋಗಿ ಎಚ್ಚರವಾಗಿದ್ದರೂ ಶಸ್ತ್ರಚಿಕಿತ್ಸೆಯನ್ನೇ ಸೂಚಿಸಲಾಗುತ್ತದೆ. ತೆಳುವಾಗಿದ್ದು ತೊಂದರೆ ಕೊಡದಿದ್ದರೆ ಮತ್ತೆ ಸ್ಕ್ಯಾನ್ ಮಾಡುತ್ತ ಕಾಯಬಹುದು. ಹಳೆಯದಾಗಿ ನೀರಾದ ರಕ್ತವನ್ನು ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಹೊರತೆಗೆದು, ಒಂದೆರಡು ದಿನ ನಳಿಕೆ ಇಡುತ್ತಾರೆ. ನಳಿಕೆ ಇಟ್ಟರೆ ರಕ್ತ ಮತ್ತೆ ತುಂಬುವ ಸಂಭವ ಗಣನೀಯವಾಗಿ ಇಳಿಯುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಕೇಂಬ್ರಿಡ್ಜಿನ ಅಧ್ಯಯನ ತೋರಿಸಿಕೊಟ್ಟಿತು.

ವಿಕಿರಣದ ಭಯದಿಂದ ಹಿಂದೇಟು ಹಾಕುವವರಿದ್ದಾರೆ. ತಲೆಯ ಒಂದು ಸ್ಕ್ಯಾನ್‌ನ ವಿಕಿರಣ ಸುಮಾರು 2 ಮಿಲಿಸೀವರ್ಟ್. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಹೆಚ್ಚೂಕಡಿಮೆ ಅಷ್ಟೇ ತಗಲುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಬಿದ್ದ ದಿನವೇ ಮಾಡಿಸಿದ ಸ್ಕ್ಯಾನ್ ಸರಿಯಾಗಿತ್ತೆಂದು, ತಿಂಗಳ ನಂತರ ತಲೆನೋವು, ಮರೆವು, ಕಾಲಿನ ಸೋಲು ಕಾಣಿಸಿಕೊಂಡಾಗಲೂ ಅದೇ ಹಳೆಯ ವರದಿಯನ್ನು ನಂಬಿ ಕೂರುತ್ತಾರೆ. ನಿಧಾನವಾಗಿ ತುಂಬುವ ರಕ್ತ ಆ ಮೊದಲ ಚಿತ್ರದಲ್ಲಿ ಇರಬೇಕೆಂದೇನೂ ಇಲ್ಲ. ಹಳೆಯ ಫಿಲ್ಮನ್ನೂ ಜೊತೆಗೆ ಕೊಂಡೊಯ್ದು, ಹೊಸದಾಗಿ ಸ್ಕ್ಯಾನ್ ಮಾಡಬೇಕೇ ಎಂದು ವೈದ್ಯರನ್ನು ನೇರವಾಗಿಯೇ ಕೇಳಿ.